ಲೊಫೊಟೆನ್ ಮಳೆಗೆ ಧಕ್ಕೆಯ ಕೋಟೇ ಸಾಕು

ನಾರ್ವೆಯ ಲೊಫೊಟೆನ್ ದ್ವೀಪಗಳ ಕಡಲಂಚಿನಲ್ಲಿ ಓಡಾಡಲು ಯಾವ ಕೋಟು ಬೇಕೆಂದು ಮಂಗಳೂರಿನವರು ಕೇಳಿದರೆ ನನ್ನ ಉತ್ತರ ಒಂದೇ: ಮೀನು ಬಂದರಿನ ಧಕ್ಕೆಯಲ್ಲಿ ಬೋಟಿನವರು ಕೊಳ್ಳುವ ದಪ್ಪ ಪಿವಿಸಿ (ಪ್ಲಾಸ್ಟಿಕ್) ಕೋಟು-ಪ್ಯಾಂಟು, ಒಳಗೆ ಉಣ್ಣೆ. ಇದರ ಜೊತೆ ಹಾಕಿ ನೋಡಿದ್ದು ಇನ್ನೆರಡು: ಮಳೆ ತಡೆದು ಬೆವರಿನ ಆವಿಯನ್ನು ಹೊರಬಿಡುವ ದುಬಾರಿ ಗೋರ್‌ಟೆಕ್ಸ್ ಜಾಕೆಟ್, ಮತ್ತು ನೀರು ತಡೆಯಲೆಂದು ಒಳಮೈಗೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಬಳಿದ ಮಧ್ಯಮ ಬೆಲೆಯ ಟ್ರೆಕ್ಕಿಂಗ್ ಜಾಕೆಟ್.

ಲೊಫೊಟೆನ್ ಇರುವುದು 68 ಡಿಗ್ರಿ ಉತ್ತರದಲ್ಲಿ, ಆರ್ಕ್ಟಿಕ್ ವೃತ್ತದಾಚೆ. ಆದರೂ ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದಿಂದಾಗಿ ಚಳಿಗಾಲದಲ್ಲೂ ಅಲ್ಲಿ ದಡದ ಉಷ್ಣತೆ ಸೊನ್ನೆಯ ಆಸುಪಾಸು. ತೊಂದರೆ ಇರುವುದೇ ಅಲ್ಲಿ. ಒಣಹಿಮವಾದರೆ ಕೊಡವಿದರೆ ಉದುರುತ್ತದೆ, ಎರಡು ಡಿಗ್ರಿಯ ಮಳೆ ಉದುರುವುದಿಲ್ಲ. ತುಳುನಾಡಿನ ಆಟಿ ತಿಂಗಳ ಮಳೆ ಕಂಡವರಿಗೆ ಇದೇನು ಮಹಾ ಅನಿಸಬಹುದು. ನಮ್ಮ ಮಳೆಗೆ ಚಳಿಯಿಲ್ಲ. ಅಲ್ಲಿಯದು ಗಾಳಿಯ ಜೊತೆ ಅಡ್ಡಡ್ಡ ಬಂದು ಕತ್ತು, ತೋಳಿನ ತುದಿ, ಜಿಪ್ಪಿನ ಸಂದು ಹುಡುಕುತ್ತದೆ. ಕೊಡೆ ಮನೆಯಲ್ಲೇ ಇರಲಿ.

ಕೈಕೊಟ್ಟದ್ದು ಮಧ್ಯಮ ಬೆಲೆಯದು. ಅದು ಕೆಟ್ಟದ್ದು ನಾರ್ವೆಯಲ್ಲಲ್ಲ, ಇಲ್ಲಿಯ ಕಪಾಟಿನಲ್ಲಿ. ಸೆಕೆ, ತೇವ ಎರಡೂ ಸೇರಿದರೆ ಪಾಲಿಯುರೆಥೇನ್ ಲೇಪನ ಗಾಳಿಯಲ್ಲಿರುವ ನೀರಿನಂಶದೊಡನೆ ಪ್ರತಿಕ್ರಿಯಿಸಿ ತಾನೇ ಒಡೆಯುತ್ತ ಹೋಗುತ್ತದೆ. ಹಾಕಿಕೊಂಡಿರಬೇಕೆಂದಿಲ್ಲ, ಕೆಲವು ಮಳೆಗಾಲ ಮಡಚಿಟ್ಟಿದ್ದರೆ ಸಾಕು. ಮೊದಲು ಒಳಮೈ ಅಂಟಂಟಾಗಿ ಹುಳಿ ವಾಸನೆ ಬರುತ್ತದೆ. ಆಮೇಲೆ ಬಿಳಿ ಹೊಟ್ಟಿನ ಹಾಗೆ ಉದುರುತ್ತದೆ, ಹೊಲಿಗೆ ಮುಚ್ಚಿದ ಟೇಪು ಏಳುತ್ತದೆ. ಟೇಪು ಎದ್ದ ಮೇಲೆ ಸೂಜಿಯ ಒಂದೊಂದು ತೂತೂ ನೀರಿಗೆ ದಾರಿ. ಹೊರಗಿನಿಂದ ನೋಡಿದರೆ ಮಾತ್ರ ಜಾಕೆಟ್ ಹೊಸದರಂತೆ ಹೊಳೆಯುತ್ತಿರುತ್ತದೆ.

ಹಾಗಾಗಿ ಪೆಟ್ಟಿಗೆಗೆ ತುಂಬುವ ಮೊದಲು ತಿರುವಿ ಹಾಕಿ, ಕಂಕುಳು ಮತ್ತು ಟೋಪಿಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಬಲವಾಗಿ ಉಜ್ಜಿ. ಅಂಟಿದರೂ ಉದುರಿದರೂ ಅದರ ಆಸೆ ಬಿಡಿ. ಗಟ್ಟಿಯಾಗಿದೆ ಅನಿಸಿದರೆ ಭುಜದ ಹೊಲಿಗೆಯ ಕೆಳಗೆ ಟಿಶ್ಯೂ ಇಟ್ಟು ಮೇಲೆ ಒಂದು ಲೋಟ ನೀರು ಸುರಿದು ಹತ್ತು ನಿಮಿಷ ಕಾಯಿರಿ. ಎತ್ತಿಡುವಾಗ ಒಗೆದು, ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಕವರಿಲ್ಲದೆ ತೂಗುಹಾಕಬೇಕು. ಇದರಿಂದ ಮುಪ್ಪು ನಿಧಾನವಾಗುತ್ತದೆ, ತಪ್ಪುವುದಿಲ್ಲ. ಹಳೆಯ ಟ್ರೆಕ್ಕಿಂಗ್ ಶೂಗಳ ಅಟ್ಟೆ ಪುಡಿಯಾಗುವುದೂ ಇದೇ ರೋಗದಿಂದ.

ಗೋರ್‌ಟೆಕ್ಸ್ ಒಳ್ಳೆಯದೇ, ಸಂಶಯವಿಲ್ಲ. ಆದರೆ ಹೊರಬಟ್ಟೆಯ ನೀರು ಜಾರಿಸುವ ಗುಣ ಸವೆದರೆ ಬಟ್ಟೆ ನೀರು ಕುಡಿದು ಭಾರವಾಗಿ, ಬೆವರು ಹೊರಹೋಗದೆ, ಮೈ ತಣ್ಣಗಾಗುತ್ತದೆ. ದ್ರವ ಸೋಪಿನಲ್ಲಿ ಒಗೆದು, ಡ್ರೈಯರಿನಲ್ಲಿ ಸಣ್ಣ ಬಿಸಿಗೆ ಸುಮಾರು 20 ನಿಮಿಷ ತಿರುಗಿಸಿದರೆ ಆ ಗುಣ ಸ್ವಲ್ಪ ಮರಳುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಸೋಕಿಸಬೇಡಿ.

ಪಿವಿಸಿಯಲ್ಲಿ ನೋಡಬೇಕಾದದ್ದು ಸಂದು. ಹೊಲಿದದ್ದು ಬೇಡ, ಬಿಸಿಯಿಂದ ಬೆಸೆದದ್ದಿರಲಿ. ಎರಡು ಅಳತೆ ದೊಡ್ಡದು ಕೊಳ್ಳಿ, ಒಳಗೆ ದಪ್ಪ ಸ್ವೆಟರ್ ಹೋಗಬೇಕು. ಉಪ್ಪಿಗೆ ಜಿಪ್ಪು ಕಚ್ಚಿಕೊಳ್ಳುತ್ತದೆ, ಆದ್ದರಿಂದ ಮೇಲೆ ಒತ್ತುಗುಂಡಿಯ ಪಟ್ಟಿಯಿರುವುದೇ ಮೇಲು. ಸಂಜೆ ನಲ್ಲಿ ನೀರಿನಲ್ಲಿ ತೊಳೆದರೆ ಮುಗಿಯಿತು. ಚಳಿಗೆ ಪಿವಿಸಿ ಬಿರುಸಾಗುತ್ತದೆ, ತೆಳುವಾದದ್ದು ಮಡಿಕೆಯಲ್ಲಿ ಸೀಳುತ್ತದೆ. ಕೋಣೆಯೊಳಗೆ ಬಿಡಿಸಿ, ಮೆತ್ತಗಾದ ಮೇಲೆ ತೊಡಿ.

ಇದರ ದೋಷ ಬೆವರು. ರೈನೆ ಊರಿನ ಮೇಲಿರುವ 448 ಮೀಟರಿನ ರೈನೆಬ್ರಿಂಗೆನ್‌ಗೆ ನೇಪಾಳದ ಶೆರ್ಪಾಗಳು ಕಟ್ಟಿದ ಕಲ್ಲಿನ ಮೆಟ್ಟಿಲುಗಳಿವೆ, ಹತ್ತಿರ ಹತ್ತಿರ 2,000. ಪಿವಿಸಿ ತೊಟ್ಟು ಹತ್ತಿದರೆ ಮಳೆಯಿಲ್ಲದೆಯೂ ಒದ್ದೆ. ಬೇಸಿಗೆಯಲ್ಲಿ ಬೆಟ್ಟ ಹತ್ತುವವರು ಗೋರ್‌ಟೆಕ್ಸಿಗೇ ದುಡ್ಡು ಹಾಕಲಿ.

ನನಗೆ ಬೆಟ್ಟದ ಹುಚ್ಚಿಲ್ಲ. ಮಾರ್ಚಿನಲ್ಲಿ ಹೆನ್ನಿಂಗ್ಸ್‌ವೇರ್ ಬಂದರಿನಲ್ಲಿ ಬೋಟು ನೋಡುತ್ತ, ಮರದ ಹಂದರಕ್ಕೆ ಜೋಡಿ ಜೋಡಿಯಾಗಿ ತೂಗುಹಾಕಿದ ಕಾಡ್ ಮೀನಿನ ಕೆಳಗೆ ನಿಲ್ಲುವುದೇ ಸುಖ. (ಮಲ್ಪೆಯವರು ನಂಬಲಿಕ್ಕಿಲ್ಲ, ಒಂದು ಹರಳು ಉಪ್ಪು ಹಾಕದೆ, ಬರೀ ಚಳಿಗಾಳಿಗೆ ಒಣಗಿಸುತ್ತಾರೆ.) ನಿಂತವನಿಗೆ ಬೆವರೂ ಇಲ್ಲ. ಅಲ್ಲಿಯ ಬೋಟಿನವರು ಡೆಕ್ಕಿನ ಮೇಲೆ ತೊಡುವುದೂ ಇಂಥದ್ದೇ.

ಉಳಿದ ದುಡ್ಡಿನಲ್ಲಿ ಎರಡು ಜೊತೆ ಉಣ್ಣೆಯ ಒಳಉಡುಪು ಕೊಳ್ಳಿ. ಹತ್ತಿ ಬನಿಯನ್, ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಗಮ್‌ಬೂಟಿನಲ್ಲಿ ಎರಡು ಕಾಲುಚೀಲ ಹಾಕಿದ ಮೇಲೂ ಬೆರಳು ಆಡಬೇಕು. ಮರಳಿದ ಮೇಲೆ ಕೋಟು ಜೂನಿನಲ್ಲಿ ಸ್ಕೂಟರಿಗೂ ಆಗುತ್ತದೆ.