ತಿಥಿ: ಅವ್ವನ ಜೊತೆ ಕೂತು ಮತ್ತೆ ನೋಡಿದೆ

ನಮ್ಮವ್ವ ಹುಟ್ಟಿ ಬೆಳೆದಿದ್ದು ಮದ್ದೂರಿನ ಹತ್ರ ಒಂದು ಹಳ್ಳೀಲಿ. ಅವಾರ್ಡ್ ಪಿಕ್ಚರ್ ಅಂದ್ರೆ ಕತ್ತಲು, ಅಳು, ಯಾರೂ ಮಾತಾಡಲ್ಲ ಅಂತ ಅವ್ವನ ಲೆಕ್ಕ. ಅದಕ್ಕೆ ನಾನು 2016ರಲ್ಲಿ ತಿಥಿ ಅನ್ನೋ ಕನ್ನಡ ಪಿಕ್ಚರ್‌ನ ಥಿಯೇಟರ್‌ನಲ್ಲಿ ಎರಡು ಸಲ ನೋಡಿ ಬಂದು ಎಷ್ಟು ಹೇಳಿದ್ರೂ ಬಂದಿರ್ಲಿಲ್ಲ. ಹೋದ ಭಾನುವಾರ ಅವಾರ್ಡ್ ಗಿವಾರ್ಡ್ ಏನೂ ಹೇಳ್ದೆ ಟಿವೀಲಿ ಹಾಕ್ಬಿಟ್ಟೆ. ಸೆಂಚುರಿ ಗೌಡ ರಸ್ತೆ ಪಕ್ಕ ಕೂತು ಹೋಗೋ ಬರೋರಿಗೆಲ್ಲ ಬೈಯೋಕೆ ಶುರು ಮಾಡಿದ್ನೋ ಇಲ್ವೋ, ಅವ್ವ ಬಿಡಿಸ್ತಿದ್ದ ಅವರೆಕಾಯಿ ಮೊರ ಪಕ್ಕಕ್ಕಿಟ್ಟು "ಇದ್ಯಾವೂರ್ಲಾ, ನಮ್ಮ ಕಡೆಯೋರ ಥರ ಮಾತಾಡ್ತಾರೆ" ಅಂದ್ರು.

ಊರು ನೊದೆಕೊಪ್ಪಲು, ಮಂಡ್ಯ ಜಿಲ್ಲೆ. ಡೈರೆಕ್ಟರ್ ರಾಮ್ ರೆಡ್ಡಿ, ಅವರ ಜೊತೆ ಕೂತು ಬರೆದಿರೋದು ಅದೇ ಊರಿನ ಈರೇಗೌಡ. ಆಕ್ಟ್ ಮಾಡಿರೋರು ಆ ಸುತ್ತಮುತ್ತಲ ಹಳ್ಳಿ ಜನ, ಮೊದಲು ಕ್ಯಾಮೆರಾ ಮುಂದೆ ನಿಂತೋರೇ ಅಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಫಿಲಂ ಫೆಸ್ಟಿವಲ್‌ನ ‘ಫಿಲ್ಮ್‌ಮೇಕರ್ಸ್ ಆಫ್ ದ ಪ್ರೆಸೆಂಟ್’ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಅವಾರ್ಡ್ ಬಂತು, ಆಮೇಲೆ ಬೆಸ್ಟ್ ಕನ್ನಡ ಫಿಲಂ ಅಂತ ನ್ಯಾಷನಲ್ ಅವಾರ್ಡೂ ಬಂತು.

ಕತೆ ಅಂದ್ರೆ 101 ವರ್ಷದ ಅಜ್ಜ ಸೆಂಚುರಿ ಗೌಡ ಸತ್ತ ದಿನದಿಂದ ಹನ್ನೊಂದನೇ ದಿನದ ತಿಥಿವರೆಗೆ, ಮೂರು ತಲೆಮಾರಿನ ಗಂಡಸರದ್ದು. ಮಗ ಗಡ್ಡಪ್ಪಂಗೆ ಅಪ್ಪ ಸತ್ತಿದ್ದೂ ಒಂದೇ ಬದುಕಿದ್ದೂ ಒಂದೇ, ಬೀಡಿ ಸೇದ್ಕೊಂಡು ಟೈಗರ್ ಬ್ರಾಂದಿ ಕುಡ್ಕೊಂಡು ಹೊಲದಲ್ಲಿ ನಡೀತಾ ಇರ್ತಾನೆ. ಮೊಮ್ಮಗ ತಮ್ಮಣ್ಣಂಗೆ ಅಜ್ಜನ ಐದು ಎಕರೆ ಮಾರ್ಬೇಕು, ಆದ್ರೆ ಜಮೀನು ಮೊದಲು ಗಡ್ಡಪ್ಪನ ಹೆಸರಿಗೆ ಬರ್ಬೇಕು, ಗಡ್ಡಪ್ಪ ಅದ್ಯಾವುದೂ ನಂಗೆ ಬೇಡ ಅಂತಾನೆ. ಅದಕ್ಕೆ ತಮ್ಮಣ್ಣ ಬದುಕಿರೋ ಅಪ್ಪಂಗೇ ಡೆತ್ ಸರ್ಟಿಫಿಕೇಟ್ ಮಾಡಿಸೋಕೆ ಓಡಾಡ್ತಾನೆ. ಇಲ್ಲಿ ಅವ್ವ ನನ್ ಕೈಯಿಂದ ರಿಮೋಟ್ ಇಸ್ಕೊಂಡು ನಿಲ್ಲಿಸಿದ್ರು. ನಮ್ಮ ತಾತನ ಜಮೀನಿನ ಪೌತಿ ಖಾತೆ (ಸತ್ತೋರ ಜಮೀನು ವಾರಸುದಾರರ ಹೆಸರಿಗೆ ಮಾಡೋದು) ಆಗ್ದೆ ನಮ್ಮ ಮಾವಂದಿರು ಎಷ್ಟು ವರ್ಷ ತಾಲ್ಲೂಕ್ ಆಫೀಸ್ ಅಲೆದ್ರು, ವಂಶವೃಕ್ಷ ತನ್ನಿ, ಪಹಣಿ ತನ್ನಿ, ಇವತ್ತು ಬನ್ನಿ ನಾಳೆ ಬನ್ನಿ ಅಂತ, ಯಾರ್ ಯಾರ ಜೊತೆ ಮಾತು ಬಿಟ್ರು, ಇದೆಲ್ಲ ಇಪ್ಪತ್ತು ನಿಮಿಷ ಹೇಳಿದ್ರು. ಅದ್ರಲ್ಲಿ ಅರ್ಧ ನಂಗೆ ಗೊತ್ತೇ ಇರ್ಲಿಲ್ಲ. ಹೀರೋ ಒಬ್ಬನೇ ಬಂದು ಇಡೀ ಊರಿನ ಜಮೀನು ಉಳಿಸೋ ಪಿಕ್ಚರ್ ನಾವು ಎಷ್ಟೋ ನೋಡಿದೀವಿ, ನಂಗೂ ಇಷ್ಟ, ಶಿಳ್ಳೆನೂ ಹಾಕ್ತೀನಿ. ಆದ್ರೆ ಒಂದು ಪಿಕ್ಚರ್ ನೋಡ್ತಾ ನಮ್ಮ ಮನೆ ಜಮೀನಿನ ಕತೆ ಆಚೆ ಬಂದಿದ್ದು ನಂಗೆ ಇದೇ ಮೊದಲು.

ಬಿಲ್ಡಪ್ ಇಲ್ಲ, ಫೈಟ್ ಇಲ್ಲ, ಈಗ ಅಳಿ ಈಗ ನಗಿ ಅಂತ ಹೇಳ್ಕೊಡೋ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕೂ ಇಲ್ಲ. ಹಂಗಂತ ಬೋರ್ ಅನ್ಕೋಬೇಡಿ, ಅವ್ವ ಸೆರಗು ಬಾಯಿಗೆ ಇಟ್ಕೊಂಡು ನಕ್ಕಿದ್ದಾರೆ. ಯಾರೂ ಕಾಮಿಡಿ ಮಾಡೋಕೆ ಅಂತ ಬರಲ್ಲ, ಅವರವರ ತಾಪತ್ರಯದಲ್ಲಿ ಅವರಿರ್ತಾರೆ, ಆ ಬೈಗುಳ, ಆ ಚೌಕಾಸಿ, ಸಾವಿನ ಮನೇಲೂ ಊಟದ ಲೆಕ್ಕ, ಅದ್ರಲ್ಲೇ ನಗು. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಆ ಬೈಗುಳದ ಕಾಲು ಭಾಗನೂ ಸಿಗಲ್ಲ, ಕನ್ನಡ ಗೊತ್ತಿರೋ ನಾವೇ ಪುಣ್ಯವಂತರು ಅನ್ಸುತ್ತೆ.

ರಾತ್ರಿ ಕುರಿ ಕಾಯೋರ ಜೊತೆ ಕೂತು ಗಡ್ಡಪ್ಪ ತನ್ನ ಹಳೇ ಬದುಕಿನ ಕತೆ ಹೇಳ್ತಾನಲ್ಲ, ಆ ಸೀನ್ ಬಗ್ಗೆ ಜಾಸ್ತಿ ಹೇಳಲ್ಲ, ನೀವೇ ನೋಡಿ. ಅಲ್ಲೀವರೆಗೂ ಈ ಮನುಷ್ಯ ಸೋಮಾರಿ ಅಂತ ಅನ್ಕೊಂಡಿದ್ದೆ. ಫ್ಲ್ಯಾಶ್‌ಬ್ಯಾಕ್ ತೋರ್ಸಲ್ಲ, ದನಿ ಏರಿಸಲ್ಲ, ನಮ್ಮ ಜಗಲಿ ಮೇಲೆ ಕೂತು ಯಾರೋ ಹಿರಿಯರು ಹೇಳಿದಂಗೆ ಹೇಳ್ಕೊಂಡು ಹೋಗ್ತಾನೆ. ಮೂರನೇ ಸಲ ನೋಡಿದ್ರೂ ನಂಗೆ ಗಂಟಲು ಕಟ್ತು. ಅವ್ವನೂ ಸುಮ್ಮನಾಗಿಬಿಟ್ರು.

ಇಷ್ಟ ಆಗದೇ ಇರೋದೂ ಇದೆ. ತಮ್ಮಣ್ಣನ ಮಗ ಅಭಿ ಕುರಿ ಕಾಯೋ ಹುಡುಗಿ ಕಾವೇರಿ ಹಿಂದೆ ಬಿದ್ದು ಅಲೆಯೋ ಭಾಗ ಮಧ್ಯದಲ್ಲಿ ಎಳೀತು ಅನ್ಸುತ್ತೆ, ಅದೂ ಅಲ್ದೆ ಹುಡುಗಿ ಬೇಡ ಅಂದ್ರೂ ಹಿಂದೆ ಸುತ್ತೋದು ನಮ್ಮ ಕಮರ್ಷಿಯಲ್ ಪಿಕ್ಚರ್‌ಗಳದ್ದೇ ಹಳೇ ಚಾಳಿ, ಇಲ್ಲಾದ್ರೂ ಆ ಹುಡುಗಿ ಮನಸ್ಸಲ್ಲಿ ಏನಿದೆ ಅಂತ ಇನ್ನೊಂದು ಸ್ವಲ್ಪ ಹೊತ್ತು ಕೂತು ಕೇಳ್ಬೇಕಿತ್ತು. ಬಡ್ಡಿಗೆ ಸಾಲ ಕೊಡೋ ಕಮಲಕ್ಕ ಬಿಟ್ರೆ ಹೆಂಗಸರಿಗೆ ಜಾಗ ಕಮ್ಮಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ, ಆ ಅರ್ಧ ಕಟ್ ಇದಕ್ಕೇ.

ಸುಮಾರು ಎರಡು ಗಂಟೆ ಪಿಕ್ಚರ್. ಬೈಗುಳ ಧಾರಾಳವಾಗಿದೆ, ಚಿಕ್ಕ ಮಕ್ಕಳನ್ನ ಕೂರಿಸ್ಕೊಂಡು ನೋಡೋದು ಬೇಡ. ಮೊಬೈಲ್‌ನಲ್ಲಿ ಅರ್ಧರ್ಧ ನೋಡ್ಬೇಡಿ, ಸೌಂಡ್ ಜಾಸ್ತಿ ಇಟ್ಕೊಂಡು ಮನೇಲಿ ಹಳ್ಳಿ ಕಡೆಯ ಹಿರಿಯರು ಯಾರಾದ್ರೂ ಇದ್ರೆ ಪಕ್ಕಕ್ಕೆ ಕೂರಿಸ್ಕೊಳಿ. ಇದು ಇಷ್ಟ ಆದ್ರೆ ಈರೇಗೌಡರೇ ಡೈರೆಕ್ಟ್ ಮಾಡಿರೋ ಬಳೆಕೆಂಪ ಇದೆ, ಅದನ್ನೂ ಹುಡುಕಿ. ನಮ್ಮವ್ವ ಆವತ್ತು ರಾತ್ರಿನೇ ದೊಡ್ಡ ಮಾವಂಗೆ ಫೋನ್ ಮಾಡಿ "ಅಣ್ಣಯ್ಯ, ಒಂದು ಪಿಕ್ಚರ್ ಐತೆ, ಥೇಟ್ ನಮ್ಮಪ್ಪನ ತಿಥಿ ಥರನೇ" ಅಂತ ಶುರು ಮಾಡಿದ್ರು. ಬರೋ ಭಾನುವಾರ ಮಾವ ಬರ್ತಾರಂತೆ.