ಹಳೆಯ ರಿವಾಲ್ವರ್: ಕೋಲ್ಟೋ, ಸ್ಮಿತ್ ಅಂಡ್ ವೆಸನ್ನೋ, ರೂಗರೋ?

ಅಮೆರಿಕದ ಬಂದೂಕಿನಂಗಡಿಗಳಲ್ಲಿ ಸೆಕೆಂಡ್‌ಹ್ಯಾಂಡ್ ರಿವಾಲ್ವರ್ ಕೇಳಿದರೆ ಸಾಮಾನ್ಯವಾಗಿ ಎದುರಿಗೆ ಬರುವುದು ಈ ಮೂರು ಹೆಸರು. ಹೆಸರಿಗಿಂತ ಮೊದಲು ಸಿಲಿಂಡರ್ (ಗುಂಡಿನ ಗೂಡುಗಳಿರುವ ತಿರುಗುವ ಉರುಳೆ) ತೆರೆದು, ಗುಂಡಿಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ.

ಕೋಲ್ಟ್‌ನ ಅಂದಕ್ಕೆ ಸಾಟಿಯಿಲ್ಲ. 1955ರಲ್ಲಿ ಬಂದ ಪೈಥಾನ್‌ನ ನೀಲಿ ಮೆರುಗು ನೋಡಿದರೆ ಕೆಳಗಿಡಲು ಮನಸ್ಸಾಗದು. ಆದರೆ ಹಳೆಯ ಕೋಲ್ಟ್‌ಗಳ ಒಳಯಂತ್ರ ಬಲು ಸೂಕ್ಷ್ಮ. ಸವೆದರೆ ಸಿಲಿಂಡರ್‌ನ ಗೂಡು ಬ್ಯಾರೆಲ್‌ನ ನೇರಕ್ಕೆ ಸರಿಯಾಗಿ ಬಂದು ನಿಲ್ಲುವುದಿಲ್ಲ. ಅದನ್ನು ಬಲ್ಲ ರಿಪೇರಿಯವರೂ ಕಡಿಮೆ.

ಇದನ್ನು ನೀವೇ ಪರೀಕ್ಷಿಸಬಹುದು. ಅಂಗಡಿಯವರ ಅನುಮತಿ ಕೇಳಿ, ಖಾಲಿ ರಿವಾಲ್ವರ್‌ನ ಸಿಲಿಂಡರ್‌ಗೆ ಬೆರಳು ಮೆಲ್ಲಗೆ ಒತ್ತಿಟ್ಟು ಹ್ಯಾಮರನ್ನು (ಗುಂಡು ಸಿಡಿಸಲು ಬಡಿಯುವ ಹಿಂಬದಿಯ ಸುತ್ತಿಗೆ) ನಿಧಾನವಾಗಿ ಹಿಂದಕ್ಕೆಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವಷ್ಟರಲ್ಲಿ ಸಿಲಿಂಡರ್ 'ಟಕ್' ಎಂದು ಲಾಕ್ ಆಗಬೇಕು. ಆರು ಗೂಡಿದ್ದರೆ ಆರಕ್ಕೂ ಹೀಗೇ ನೋಡಿ. ಒಂದು ತಪ್ಪಿದರೂ ಬೇಡ.

ಸ್ಮಿತ್ ಅಂಡ್ ವೆಸನ್‌ನ ಮಾಡೆಲ್ 10, 1899ರ ವಿನ್ಯಾಸದ ವಂಶ. ಪೊಲೀಸರು ಸೊಂಟದಲ್ಲಿ ಹೊತ್ತು ಮೆರುಗು ಕಳೆದಿದ್ದರೂ ಒಳಗೆ ಗಟ್ಟಿಯಾಗಿರುವ ರಿವಾಲ್ವರ್‌ಗಳು ಸಿಗುತ್ತವೆ. ಬಿಡಿಭಾಗ, ರಿಪೇರಿ ಎರಡೂ ಸುಲಭ. 2001ರಿಂದೀಚೆಗೆ ಹೆಚ್ಚಿನವಕ್ಕೆ ಪಕ್ಕದಲ್ಲಿ ಸುರಕ್ಷತಾ ಬೀಗದ ಕೀಲಿತೂತು ಸೇರಿತು. ಅದಕ್ಕೆ ಮುಂಚಿನವನ್ನೇ ಹಲವರು ಹುಡುಕುತ್ತಾರೆ.

ರೂಗರ್ ಜಿಪಿ100 ದಪ್ಪ, ಭಾರ. ಪಕ್ಕದ ಮುಚ್ಚಳವಿಲ್ಲದ ಅಖಂಡ ಚೌಕಟ್ಟಾದ್ದರಿಂದ .357 ಮ್ಯಾಗ್ನಮ್ ಎಂಬ ಹೆಚ್ಚು ಬಲದ ಗುಂಡನ್ನು ಬಹಳಷ್ಟು ಹಾರಿಸಿದರೂ ತಾಳುತ್ತದೆ. ಟ್ರಿಗರ್ ಮಾತ್ರ ಸ್ಮಿತ್‌ನಷ್ಟು ನಯವಲ್ಲ.

ಗುರಿ ಅಭ್ಯಾಸಕ್ಕೆ ಮೊದಲ ರಿವಾಲ್ವರ್ ಕೊಳ್ಳುವವರಿಗೆ ನಾನು ಹೇಳುವುದು ಹಳೆಯ ಮಾಡೆಲ್ 10. ಮ್ಯಾಗ್ನಮ್ಮೇ ಬೇಕೆಂದರೆ ರೂಗರ್. ಹಳೆಯ ಪೈಥಾನ್, ಅದನ್ನು ಬಲ್ಲ ರಿಪೇರಿಯವರ ಪರಿಚಯವಾದ ಮೇಲೆ.