ಬಾಕಿ ಪಟ್ಟಿ ತಾಳೆಯಾಗದಿದ್ದಾಗ: ಕ್ರಿಸ್ಟಲ್, ಎಸ್‌ಎಸ್‌ಆರ್‌ಎಸ್, ಪವರ್ ಬಿಐ

ಡೇಟಾಬೇಸ್‌ನಿಂದ ರಿಪೋರ್ಟ್ ತಯಾರಿಸುವ ಈ ಮೂರು ಸಾಫ್ಟ್‌ವೇರ್‌ಗಳಲ್ಲಿ, ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಎಸ್‌ಎಸ್‌ಆರ್‌ಎಸ್, ಅಂದರೆ ಎಸ್‌ಕ್ಯೂಎಲ್ ಸರ್ವರ್ ರಿಪೋರ್ಟಿಂಗ್ ಸರ್ವಿಸಸ್. ಮೂರರಲ್ಲಿ ನೋಡಲು ಸಪ್ಪೆ ಇದೇ. ಆದರೆ ರಿಪೋರ್ಟ್ ಕೈಕೊಟ್ಟಾಗ ತಪ್ಪು ಬೇಗ ಸಿಕ್ಕಿಬೀಳುವುದು ಇದರಲ್ಲೇ.

ಮೂರರಲ್ಲೂ ಕಟ್ಟಿ ನೋಡಿದ್ದು ಒಂದೇ ರಿಪೋರ್ಟ್: ಗ್ರಾಹಕರ ಬಾಕಿ ಪಟ್ಟಿ. 0–30, 31–60, 61–90 ದಿನ, ಆಮೇಲೆ 90 ದಾಟಿದ್ದು, ಹೀಗೆ ನಾಲ್ಕು ಕಾಲಂ. ಕೆಲವು ಬಿಲ್ಲುಗಳ ಗಡುವಿನ ದಿನಾಂಕವನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾಯಿತು. ದಿನನಿತ್ಯ ಬಳಸುವ ಯಾವ ಡೇಟಾಬೇಸ್ ತೆರೆದರೂ ಅಂಥ ನಾಲ್ಕು ಸಾಲು ಇದ್ದೇ ಇರುತ್ತವೆ.

ಆ ಖಾಲಿ ದಿನಾಂಕ ಒಂದೊಂದರಲ್ಲಿ ಒಂದೊಂದು ಥರ ಕಾಡುತ್ತದೆ. ಕ್ರಿಸ್ಟಲ್ ರಿಪೋರ್ಟ್ಸ್‌ನಲ್ಲಿ ಫಾರ್ಮುಲಾ ನಲ್ ಫೀಲ್ಡ್ (ಏನೂ ತುಂಬದ ಖಾಲಿ ಜಾಗ) ಮುಟ್ಟಿದ ಕೂಡಲೇ ಆ ಸಾಲಿಗೆ ಅಲ್ಲಿಗೇ ನಿಂತುಹೋಗುತ್ತದೆ. ಎರರ್ ಬರುವುದಿಲ್ಲ, ಬಿಲ್ಲು ಯಾವ ಕಾಲಂಗೂ ಸೇರುವುದಿಲ್ಲ, ಒಟ್ಟು ಮೊತ್ತ ಲೆಡ್ಜರ್‌ಗಿಂತ ಕಡಿಮೆ ಬರುತ್ತದೆ. ‘ಇಸ್‌ನಲ್’ ಪರೀಕ್ಷೆಯನ್ನು ಫಾರ್ಮುಲಾದ ಮೊದಲ ಸಾಲಿನಲ್ಲೇ ಹಾಕಬೇಕು. ಆ ಫೀಲ್ಡ್ ಬಳಸಿಯಾದ ಮೇಲೆ ಹಾಕಿದರೆ ಅಲ್ಲಿಯವರೆಗೆ ಅದು ತಲುಪುವುದೇ ಇಲ್ಲ.

ಪವರ್ ಬಿಐ ಇನ್ನೂ ಅಪಾಯಕಾರಿ. ಇವತ್ತಿನ ದಿನಾಂಕದಿಂದ ಖಾಲಿ ದಿನಾಂಕವನ್ನು ನೇರವಾಗಿ ಕಳೆದರೆ ಅದರ ಫಾರ್ಮುಲಾ ಭಾಷೆ ಡ್ಯಾಕ್ಸ್ ಆ ಖಾಲಿಯನ್ನು ಸೊನ್ನೆ ಎಂದು ಎಣಿಸುತ್ತದೆ. ಅದರ ದಿನಗಣನೆ ಶುರುವಾಗುವುದು 1899ರ ಡಿಸೆಂಬರ್ 30ರಿಂದ, ಹಾಗಾಗಿ ಉತ್ತರ 45,000 ದಾಟುತ್ತದೆ. ಬಿಲ್ಲು ಹೋಗಿ 90 ದಾಟಿದ ಕಾಲಂನಲ್ಲಿ ಕೂರುತ್ತದೆ. ಒಟ್ಟು ಮೊತ್ತ ಸರಿಯಾಗೇ ಬರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಎಸ್‌ಎಸ್‌ಆರ್‌ಎಸ್ ಏನೂ ಪವಾಡ ಮಾಡುವುದಿಲ್ಲ. ಡೇಟಾ ಕೇಳುವ ಕ್ವೆರಿಯಲ್ಲಿ ಬಿಲ್ಲುಗಳನ್ನು ವಿಂಗಡಿಸುವ ‘ಕೇಸ್’ನೊಳಗೆ 90 ದಾಟಿದ್ದನ್ನು ‘ಎಲ್ಸ್’ಗೆ, ಅಂದರೆ ಉಳಿದದ್ದೆಲ್ಲ ಬೀಳುವ ಕಡೆಗೆ, ಬಿಟ್ಟಿದ್ದರೆ ನಲ್ ಕೂಡ ಅಲ್ಲಿಗೇ ಬೀಳುತ್ತದೆ. ಆದರೆ ಲೆಕ್ಕವೆಲ್ಲ ಕ್ವೆರಿಯಲ್ಲೇ ಇದ್ದರೆ ಹುಡುಕುವ ಜಾಗ ಒಂದೇ. ಡೇಟಾಸೆಟ್ ತೆರೆದು, ಕ್ವೆರಿ ಕಾಪಿ ಮಾಡಿ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕ್ವೆರಿ ಓಡಿಸುವ ಸಾಧನವಾದ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಗಡುವು ನಲ್ ಇರುವ ಸಾಲುಗಳನ್ನಷ್ಟೇ ಓಡಿಸಿದರೆ ಕಳ್ಳ ಸಿಗುತ್ತಾನೆ. ಕ್ರಿಸ್ಟಲ್‌ನಲ್ಲಾದರೆ ಸೆಲೆಕ್ಟ್ ಎಕ್ಸ್‌ಪರ್ಟ್, ಟೇಬಲ್ ಲಿಂಕ್, ರನ್ನಿಂಗ್ ಟೋಟಲ್, ಸಪ್ರೆಸ್ ಮಾಡಿದ ಸೆಕ್ಷನ್ ಎಲ್ಲವನ್ನೂ ತಡಕಬೇಕು. ಪವರ್ ಬಿಐನಲ್ಲಿ ಪವರ್ ಕ್ವೆರಿಯ ಸ್ಟೆಪ್, ರಿಲೇಷನ್‌ಶಿಪ್, ಮೆಷರ್, ಮೂರನ್ನೂ.

ರಿಪೋರ್ಟ್ ನಿಧಾನವಾದಾಗಲೂ ಹಾಗೇ. ಎಸ್‌ಎಸ್‌ಆರ್‌ಎಸ್‌ನ ರಿಪೋರ್ಟ್‌ಸರ್ವರ್ ಡೇಟಾಬೇಸ್‌ನಲ್ಲಿ ‘ಎಕ್ಸಿಕ್ಯೂಷನ್‌ಲಾಗ್3’ ಎಂಬ ವ್ಯೂ ಇದೆ. ಪ್ರತಿ ಓಟಕ್ಕೂ ಡೇಟಾ ತರಲು, ಲೆಕ್ಕ ಹಾಕಲು, ಪುಟ ಕಟ್ಟಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಬೇರೆಬೇರೆ ಬರೆದಿಟ್ಟಿರುತ್ತದೆ. ಡೀಫಾಲ್ಟ್ ಆಗಿ 60 ದಿನದ್ದು ಸಿಗುತ್ತದೆ. ಸ್ಟುಡಿಯೋದಲ್ಲಿ 2 ಸೆಕೆಂಡಿಗೆ ಮುಗಿಯುವ ಕ್ವೆರಿ ರಿಪೋರ್ಟ್‌ನಲ್ಲಿ ನಿಮಿಷಗಟ್ಟಲೆ ಎಳೆಯುತ್ತಿದ್ದರೆ, ಬಹುತೇಕ ಬೇರೆ ಪ್ಯಾರಾಮೀಟರ್‌ಗೆ ಮಾಡಿಟ್ಟ ಹಳೆಯ ಪ್ಲಾನನ್ನೇ (ಕ್ವೆರಿ ಓಡಿಸುವ ಕ್ರಮ) ಸರ್ವರ್ ಬಳಸುತ್ತಿದೆ ಎಂದರ್ಥ. ಕ್ವೆರಿಯ ಕೊನೆಗೆ ‘ಆಪ್ಷನ್ (ರೀಕಂಪೈಲ್)’ ಸೇರಿಸಿ ನೋಡಿ. ಪವರ್ ಬಿಐನ ಪರ್ಫಾರ್ಮೆನ್ಸ್ ಅನಲೈಸರ್ ಕೂಡ ಒಳ್ಳೆಯದೇ, ಆದರೆ ನಿನ್ನೆ ಬೇರೊಬ್ಬರು ಓಡಿಸಿದಾಗ ಏನಾಯಿತು ಎಂದು ಅದು ಹೇಳುವುದಿಲ್ಲ.

ಇನ್ನು ನನ್ನ ಮೆಚ್ಚಿನ ಎಸ್‌ಎಸ್‌ಆರ್‌ಎಸ್‌ನ ದೊಡ್ಡ ಕಿರಿಕಿರಿ: ಎರಡನೇ ಪುಟದಿಂದ ಕಾಲಂಗಳ ತಲೆಬರಹ ಮಾಯವಾಗುವುದು. ಟ್ಯಾಬ್ಲಿಕ್ಸ್ (ಅದರಲ್ಲಿ ಟೇಬಲ್‌ಗೆ ಇರುವ ಹೆಸರು) ಪ್ರಾಪರ್ಟೀಸ್‌ನಲ್ಲಿ ತಲೆಬರಹವನ್ನು ಪ್ರತಿ ಪುಟದಲ್ಲೂ ತೋರಿಸು ಎಂಬ ಟಿಕ್ ಬಾಕ್ಸ್ ಇದೆ. ಎಲ್ಲರೂ ಮೊದಲು ಕೈಹಾಕುವುದು ಅದಕ್ಕೇ. ಸಾದಾ ಟೇಬಲ್‌ನಲ್ಲಿ ಟಿಕ್ ಹಾಕಿದರೂ ಏನೂ ಆಗುವುದಿಲ್ಲ, ಯಾಕೆಂದರೆ ಅದು ಕಾಲಂ ಗ್ರೂಪ್‌ಗಳಿಂದ ಹುಟ್ಟಿದ ತಲೆಬರಹಕ್ಕೆ ಮಾತ್ರ, ಅಂದರೆ ಡೇಟಾ ನೋಡಿ ಕಾಲಂಗಳು ತಾವಾಗಿ ಹುಟ್ಟುವ ಮ್ಯಾಟ್ರಿಕ್ಸ್‌ಗೆ. ಸಾದಾ ಟೇಬಲ್‌ನ ತಲೆಬರಹ ಸರ್ವರ್‌ನ ಕಣ್ಣಿಗೆ ಇನ್ನೊಂದು ಸಾಲು, ಅಷ್ಟೇ.

ಸರಿಪಡಿಸುವ ದಾರಿ ಬೇರೆ ಕಡೆ ಅಡಗಿದೆ. ಡಿಸೈನರ್‌ನ ಕೆಳಗೆ ರೋ ಗ್ರೂಪ್ಸ್, ಕಾಲಂ ಗ್ರೂಪ್ಸ್ ಎಂಬ ಎರಡು ಪಟ್ಟಿ ಇರುತ್ತವೆ. ಕಾಲಂ ಗ್ರೂಪ್ಸ್‌ನ ಬಲತುದಿಯ ಪುಟ್ಟ ಬಾಣದ ಗುರುತು ಒತ್ತಿ ಅಡ್ವಾನ್ಸ್ಡ್ ಮೋಡ್ ಆರಿಸಿ. ಎಡಗಡೆ ರೋ ಗ್ರೂಪ್ಸ್‌ನಲ್ಲಿ ‘ಸ್ಟ್ಯಾಟಿಕ್’ ಎಂಬ ಸಾಲುಗಳು ಕಾಣಿಸಿಕೊಳ್ಳುತ್ತವೆ. ಮೇಲಿನದನ್ನು ಒತ್ತಿದಾಗ ಟೇಬಲ್‌ನಲ್ಲಿ ತಲೆಬರಹದ ಸಾಲೇ ಆಯ್ಕೆಯಾಗಬೇಕು. ಬೇರೆ ಸಾಲು ಆಯ್ಕೆಯಾದರೆ ಮುಂದುವರಿಯಬೇಡಿ. ಎಫ್4 ಒತ್ತಿ ‘ಕೀಪ್‌ವಿತ್‌ಗ್ರೂಪ್’ ಅನ್ನು ‘ಆಫ್ಟರ್’, ‘ರಿಪೀಟ್‌ಆನ್‌ನ್ಯೂಪೇಜ್’ ಅನ್ನು ‘ಟ್ರೂ’ ಮಾಡಿ. ತಲೆಬರಹ ಎರಡು ಸಾಲಿನದಾದರೆ ಎರಡಕ್ಕೂ ಇದನ್ನೇ ಮಾಡಬೇಕು. ಕ್ರಿಸ್ಟಲ್‌ನಲ್ಲಿ ಪೇಜ್ ಹೆಡರ್‌ನಲ್ಲಿ ಇಟ್ಟದ್ದು ತಾನಾಗಿಯೇ ಪ್ರತಿ ಪುಟದಲ್ಲೂ ಬರುತ್ತದೆ, ಗ್ರೂಪ್ ಹೆಡರ್‌ಗೆ ಒಂದು ಟಿಕ್ ಸಾಕು. ಈ ವಿಷಯದಲ್ಲಿ ಕ್ರಿಸ್ಟಲ್ ಗೆದ್ದಿತು, ಒಪ್ಪಲೇಬೇಕು.

ಎಸ್‌ಎಸ್‌ಆರ್‌ಎಸ್‌ನ ಪಿಡಿಎಫ್‌ನಲ್ಲಿ ಒಂದು ಬಿಟ್ಟು ಒಂದು ಪುಟ ಖಾಲಿ ಬಂದರೆ ಅಗಲ ಕೂಡಿಸಿ. ಎ4 ಅಗಲ 21 ಸೆಂ.ಮೀ.; ಎರಡೂ ಕಡೆ 1 ಸೆಂ.ಮೀ. ಮಾರ್ಜಿನ್ ಇದ್ದರೆ ಬಾಡಿ, ಅಂದರೆ ರಿಪೋರ್ಟ್‌ನ ಮುಖ್ಯ ಭಾಗ, 19 ದಾಟಬಾರದು. ಟೆಕ್ಸ್ಟ್ ಬಾಕ್ಸ್ ಅಂಚು ದಾಟಿದಾಗ ಬಾಡಿ ಸದ್ದಿಲ್ಲದೆ ಹಿಗ್ಗುತ್ತದೆ, ಬಾಕ್ಸ್ ತೆಗೆದರೂ ಕುಗ್ಗುವುದಿಲ್ಲ. ಕೈಯಾರೆ ಎಳೆದು ಕುಗ್ಗಿಸಬೇಕು.

ಕ್ರಿಸ್ಟಲ್‌ಗೆ ಒಂದು ಎಚ್ಚರಿಕೆ: 2016ರ ಆವೃತ್ತಿಯವರೆಗೂ ಅದರ ಡಿಸೈನರ್ 32 ಬಿಟ್‌ನದು, 2020ರದ್ದು 64 ಬಿಟ್. ಹೊಸದಕ್ಕೆ ಬದಲಾದಾಗ ಹಳೆಯ ಒಡಿಬಿಸಿ ಸಿಸ್ಟಂ ಡಿಎಸ್‌ಎನ್ (ಡೇಟಾಬೇಸ್ ಸಂಪರ್ಕಕ್ಕೆ ವಿಂಡೋಸ್‌ನಲ್ಲಿ ಇಟ್ಟ ಹೆಸರು) ಕಾಣಿಸುವುದಿಲ್ಲ. ವಿಂಡೋಸ್‌ನಲ್ಲಿ 64 ಬಿಟ್ ಒಡಿಬಿಸಿ ಅಡ್ಮಿನಿಸ್ಟ್ರೇಟರ್ ಇರುವುದು ಸಿಸ್ಟಂ32 ಫೋಲ್ಡರ್‌ನಲ್ಲಿ, 32 ಬಿಟ್‌ನದು ಸಿಸ್‌ವಾವ್64ನಲ್ಲಿ. ಹೆಸರು ನಂಬಿದರೆ ತಪ್ಪು ಕಡೆ ಹೋಗುತ್ತೀರಿ.

ಪವರ್ ಬಿಐನಲ್ಲಿ ಸಿಎಸ್‌ವಿ ಫೈಲಿನ 03/04 ಏಪ್ರಿಲ್ 3ರ ಬದಲು ಮಾರ್ಚ್ 4 ಆಗಿಬಿಟ್ಟರೆ, ತಾನಾಗಿ ಸೇರಿಕೊಂಡ ‘ಚೇಂಜ್ಡ್ ಟೈಪ್’ ಸ್ಟೆಪ್ ಅಳಿಸಿ, ‘ಯೂಸಿಂಗ್ ಲೊಕೇಲ್’ ಮೂಲಕ ದಿನಾಂಕ ಮಾಡಿಸಿ.

ಈಗಾಗಲೇ ಎಸ್‌ಕ್ಯೂಎಲ್ ಸರ್ವರ್ ಲೈಸೆನ್ಸ್ ಇದ್ದವರಿಗೆ ಎಸ್‌ಎಸ್‌ಆರ್‌ಎಸ್‌ಗೆ ಬೇರೆ ಖರ್ಚಿಲ್ಲ. ಆದರೆ ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಬೆಳಗಿನ ಹೊತ್ತಿಗೆ ತಾನಾಗಿ ಮೇಲ್ ಹೋಗುವ ಸಬ್‌ಸ್ಕ್ರಿಪ್ಷನ್ ಸಿಗುವುದಿಲ್ಲ. ಮುದ್ರಿತ ಫಾರಂ, ಚೆಕ್ಕು, ಲೇಬಲ್ಲುಗಳೇ ಹೆಚ್ಚಿದ್ದರೆ ಕ್ರಿಸ್ಟಲ್ ತೆಗೆದುಕೊಳ್ಳಿ. ಮೇಲಿನವರು ಪರದೆಯ ಮೇಲೆ ಒತ್ತಿ ಒತ್ತಿ ನೋಡುವವರಾದರೆ ಪವರ್ ಬಿಐ. ಎಸ್‌ಎಸ್‌ಆರ್‌ಎಸ್‌ಗೆ 2022ರ ಆವೃತ್ತಿಯೇ ಕೊನೆ, ಅದರ ಬೆಂಬಲ 2033ರ ಜನವರಿವರೆಗೆ. ಆಮೇಲೂ ಅದರ ರಿಪೋರ್ಟ್‌ಗಳ ಆರ್‌ಡಿಎಲ್ ಫೈಲುಗಳು ಪವರ್ ಬಿಐ ರಿಪೋರ್ಟ್ ಸರ್ವರ್‌ನಲ್ಲಿ ಓಡುತ್ತವೆ. ಅವು ಎಕ್ಸ್‌ಎಂಎಲ್, ಅಂದರೆ ಪಠ್ಯವಾಗಿ ಓದಬಹುದಾದ ಫೈಲುಗಳು, ಆದ್ದರಿಂದ ಈಗಿನಿಂದಲೇ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿ ಇಟ್ಟುಕೊಳ್ಳಿ. ನಿನ್ನೆ ಸರಿಯಿದ್ದ ರಿಪೋರ್ಟ್ ಇವತ್ತು ಕೆಟ್ಟರೆ ಬದಲಾದ ಸಾಲು ಕಣ್ಣೆದುರೇ ಇರುತ್ತದೆ.